ವಿಎಂಗೂ ನೆಟ್‌ವರ್ಕ್ ಕಾರ್ಡಿನಲ್ಲಿ ಒಂದು ಪಾಲು: ಎಸ್‌ಆರ್-ಐಒವಿ ಹಂತ ಹಂತವಾಗಿ

ಅಂಧೇರಿ ಪೂರ್ವದ ಎಂಐಡಿಸಿಯಲ್ಲಿ ಒಂದು ಸಣ್ಣ ಆಫೀಸಿನ ಸರ್ವರ್ ನಾನು ನೋಡಿಕೊಳ್ಳುತ್ತೇನೆ. ಇರುವುದು ಒಂದೇ ಪೆಟ್ಟಿಗೆ. ಅದರಲ್ಲಿ ಡೆಬಿಯನ್ ಲಿನಕ್ಸ್, ಅದರ ಮೇಲೆ ಒಂದೇ ಪೆಟ್ಟಿಗೆಯಲ್ಲಿ ಹಲವು ಯಂತ್ರ ಓಡಿಸುವ ಕೆವಿಎಂ, ಒಳಗೆ ಏಳು ವರ್ಚುವಲ್ ಮೆಷಿನ್, ಅಂದರೆ ವಿಎಂ. ಲೆಕ್ಕಪತ್ರಕ್ಕೆ ಒಂದು, ಫೈಲ್ ಸರ್ವರ್ ಒಂದು, ಸಿಸಿಟಿವಿ ರೆಕಾರ್ಡಿಂಗ್‌ಗೆ ಒಂದು, ರೂಟರ್ ಕೆಲಸಕ್ಕೆ ಒಂದು, ಹೀಗೆ. ಸಂಜೆಯಾದರೆ ಸಾಕು, ದಿನಾ ಅದೇ ದೂರು: ನೆಟ್ ಸ್ಲೋ. ಲೈನ್ ಪರೀಕ್ಷಿಸಿದೆ, ಸರಿಯಿತ್ತು. ಸ್ವಿಚ್ ನೋಡಿದೆ, ಅದೂ ಸರಿಯಿತ್ತು. ಕೊನೆಗೆ ಹೋಸ್ಟ್‌ನಲ್ಲಿ, ಅಂದರೆ ವಿಎಂಗಳನ್ನು ಹೊತ್ತ ನಿಜವಾದ ಯಂತ್ರದಲ್ಲಿ, ಯಾವ ಕೆಲಸ ಎಷ್ಟು ಪ್ರೊಸೆಸರ್ ತಿನ್ನುತ್ತಿದೆ ಅಂತ ತೋರಿಸುವ ಟಾಪ್ ಹಾಕಿದೆ. ವಿಹೋಸ್ಟ್ ಅಂತ ಶುರುವಾಗುವ ಒಂದು ಸಾಲು ನೂರು ಪರ್ಸೆಂಟ್ ಹತ್ತಿರ ನಿಂತುಬಿಟ್ಟಿತ್ತು, ಇಳಿಯುತ್ತಲೇ ಇರಲಿಲ್ಲ. ಅದು ರೂಟರ್ ವಿಎಂನ ಪ್ಯಾಕೆಟ್‌ಗಳನ್ನು ಹೊತ್ತು ಹಾಕುವ ಕರ್ನಲ್ ಥ್ರೆಡ್. ಒಂದು ಇಡೀ ಕೋರ್ ಬರೀ ಹಮಾಲಿ ಕೆಲಸಕ್ಕೆ ಹೋಗುತ್ತಿತ್ತು.

ಈ ಹೊರೆಯನ್ನು ಎಸ್‌ಆರ್-ಐಒವಿ (ಸಿಂಗಲ್ ರೂಟ್ ಐಒ ವರ್ಚುವಲೈಸೇಷನ್) ಬಳಸಿ ನೆಟ್‌ವರ್ಕ್ ಕಾರ್ಡೇ ಹೊರುವಂತೆ ಮಾಡುವುದು ಹೇಗೆ ಅನ್ನುವುದೇ ಈ ಲೇಖನ. ಕಮಾಂಡ್‌ಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಅದೇ ಉಚ್ಚಾರವನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕಿಕೊಳ್ಳಿ.

ಕಾರ್ಡ್ ಒಂದು, ಬಾಗಿಲು ಹಲವು

ಮುಂಬಯಿಯ ಯಾವುದಾದರೂ ಹೌಸಿಂಗ್ ಸೊಸೈಟಿಯ ಗೇಟನ್ನು ನೆನೆಸಿಕೊಳ್ಳಿ. ಪಾರ್ಸೆಲ್ ಬಂತು. ವಾಚ್‌ಮನ್ ರಿಜಿಸ್ಟರ್‌ನಲ್ಲಿ ಬರೆಸಿಕೊಳ್ಳುತ್ತಾನೆ, ಇಂಟರ್‌ಕಾಮ್‌ನಲ್ಲಿ ಕೇಳುತ್ತಾನೆ, ಆಮೇಲೆ ಮೇಲೆ ಕಳಿಸುತ್ತಾನೆ. ದಿನಕ್ಕೆ ಐವತ್ತು ಪಾರ್ಸೆಲ್ ಆದರೆ ಸಮಸ್ಯೆ ಇಲ್ಲ. ಐದು ಸಾವಿರ ಆದರೆ ಗೇಟಿನಲ್ಲೇ ಸಾಲು ನಿಲ್ಲುತ್ತದೆ. ಸಾಮಾನ್ಯ ವರ್ಟ್‌ಐಒ ಕಾರ್ಡ್ (ಸಾಫ್ಟ್‌ವೇರ್‌ನಲ್ಲೇ ಮಾಡಿದ ಕಾರ್ಡ್) ಇರುವ ವಿಎಂಗೆ ಆಗುವುದು ಇದೇ. ಪ್ಯಾಕೆಟ್ ಮೊದಲು ಹೋಸ್ಟ್‌ನ ಕೈಗೆ ಬರುತ್ತದೆ, ಬ್ರಿಡ್ಜ್ (ಹೋಸ್ಟ್ ಒಳಗಿನ ಸಾಫ್ಟ್‌ವೇರ್ ಸ್ವಿಚ್) ದಾಟುತ್ತದೆ, ವಿಎಂನ ಮೆಮೊರಿಗೆ ನಕಲಾಗುತ್ತದೆ. ಪ್ರತಿ ಪ್ಯಾಕೆಟ್‌ಗೂ ಇಷ್ಟೂ ಆಗಬೇಕು.

ಇಲ್ಲಿ ಲೆಕ್ಕ ಹಾಕಬೇಕಾದದ್ದು ಗಿಗಾಬಿಟ್ ಅಲ್ಲ, ಪ್ಯಾಕೆಟ್ ಸಂಖ್ಯೆ. 10 ಗಿಗಾಬಿಟ್ ಲೈನಿನಲ್ಲಿ 1500 ಬೈಟ್‌ನ ತುಂಬಿದ ಪ್ಯಾಕೆಟ್‌ಗಳೇ ಬಂದರೆ ಸೆಕೆಂಡಿಗೆ ಸುಮಾರು 8.1 ಲಕ್ಷ. ಅದೇ ಲೈನಿನಲ್ಲಿ 64 ಬೈಟ್‌ನ ಸಣ್ಣ ಪ್ಯಾಕೆಟ್‌ಗಳು ಬಂದರೆ ಸೆಕೆಂಡಿಗೆ ಸುಮಾರು 1.48 ಕೋಟಿ. ಫೋನ್ ಕರೆ, ಡಿಎನ್‌ಎಸ್, ವಿಪಿಎನ್, ರೂಟರ್ ಇವೆಲ್ಲ ಸಣ್ಣ ಪ್ಯಾಕೆಟ್‌ಗಳ ಲೋಕ. ದೊಡ್ಡ ಫೈಲ್ ಕಾಪಿ ಮಾಡುವಾಗ ಏನೂ ಅನಿಸದ ಹೋಸ್ಟ್ ಇಲ್ಲಿ ಏದುಸಿರು ಬಿಡುತ್ತದೆ.

ಎಸ್‌ಆರ್-ಐಒವಿ ಅಂದರೆ ಪ್ರತಿ ಫ್ಲ್ಯಾಟ್‌ಗೂ ನೇರ ಬಾಗಿಲು ಕೊಟ್ಟ ಹಾಗೆ. ಪಿಸಿಐ ಸ್ಲಾಟ್‌ಗಳ ನಿಯಮ ಮಾಡುವ ಒಕ್ಕೂಟ ಪಿಸಿಐ-ಸಿಗ್ ಇದರ ಮೊದಲ ನಿಯಮಾವಳಿಯನ್ನು 2007ರಲ್ಲಿ ಹೊರತಂದಿತು. ನಿಜವಾದ ಪೋರ್ಟನ್ನು ಪಿಎಫ್ ಅನ್ನುತ್ತಾರೆ, ಅಂದರೆ ಫಿಸಿಕಲ್ ಫಂಕ್ಷನ್. ಅದು ಹೋಸ್ಟ್‌ನ ಕೈಯಲ್ಲೇ ಇರುತ್ತದೆ. ಅದರಿಂದ ಹುಟ್ಟುವ ಪುಟ್ಟ ಕಾರ್ಡ್‌ಗಳೇ ವಿಎಫ್, ಅಂದರೆ ವರ್ಚುವಲ್ ಫಂಕ್ಷನ್. ಪ್ರತಿ ವಿಎಫ್‌ಗೂ ತನ್ನದೇ ಕ್ಯೂ (ಪ್ಯಾಕೆಟ್‌ಗಳ ಸಾಲು), ತನ್ನದೇ ಇಂಟರಪ್ಟ್, ತನ್ನದೇ ಪಿಸಿಐ ವಿಳಾಸ. ವಿಎಂಗೆ ಒಂದು ವಿಎಫ್ ಕೊಟ್ಟರೆ ಪ್ಯಾಕೆಟ್ ಕಾರ್ಡಿನಿಂದ ನೇರ ಆ ವಿಎಂನ ಮೆಮೊರಿಗೇ ಇಳಿಯುತ್ತದೆ. ನಡುವೆ ಹೋಸ್ಟ್ ಕೈ ಹಾಕುವುದಿಲ್ಲ.

ಆದರೆ ಒಂದು ಮಾತು, ಇದನ್ನು ನಾನು ಒತ್ತಿ ಹೇಳುತ್ತೇನೆ. ವಾಚ್‌ಮನ್ ಬರೀ ಅಡ್ಡಿಯಲ್ಲ, ಅವನು ಕಾವಲನ್ನೂ ಮಾಡುತ್ತಿದ್ದ. ಹೋಸ್ಟ್‌ನ ಬ್ರಿಡ್ಜ್ ಮೇಲೆ ಬರೆದ ಫೈರ್‌ವಾಲ್ ನಿಯಮ, ಟಿಸಿಪಿಡಂಪ್ ಹಾಕಿ ಪ್ಯಾಕೆಟ್‌ಗಳನ್ನು ಇಣುಕುವುದು, ವಿಎಂ ಓಡುತ್ತಿರುವಾಗಲೇ ಇನ್ನೊಂದು ಸರ್ವರ್‌ಗೆ ಸಾಗಿಸುವುದು, ಇವೆಲ್ಲ ಹೋಸ್ಟ್ ನಡುವೆ ಇತ್ತು ಅಂತಲೇ ಸಾಧ್ಯವಾಗಿತ್ತು. ವಿಎಫ್ ಕೊಟ್ಟ ಕ್ಷಣದಿಂದ ಆ ಕೆಲಸಗಳನ್ನೆಲ್ಲ ಬೇರೆ ಕಡೆ ಹಂಚಬೇಕು. ಮುಂದಿನ ಹಂತಗಳಲ್ಲಿ ಅರ್ಧ ಭಾಗ ಇದೇ ಹಂಚಿಕೆ.

ಯಾರಿಗೆ ಕೊಡಬೇಕು, ಯಾರಿಗೆ ಬೇಡ

ನಮ್ಮ ಏಳು ವಿಎಂಗಳಲ್ಲಿ ವಿಎಫ್ ಕೊಟ್ಟದ್ದು ಎರಡಕ್ಕೆ ಮಾತ್ರ: ರೂಟರ್‌ಗೆ ಮತ್ತು ಸಿಸಿಟಿವಿಗೆ. ಲೆಕ್ಕಪತ್ರದ ವಿಎಂಗೆ ಬೇಡ. ಅದು ದಿನವಿಡೀ ಸಾಗಿಸುವ ಡೇಟಾ ತುಂಬಾ ಕಡಿಮೆ. ಲೆಕ್ಕಪತ್ರ ಮತ್ತು ಫೈಲ್ ಸರ್ವರ್ ತಮ್ಮೊಳಗೇ ಜಾಸ್ತಿ ಮಾತಾಡಿಕೊಳ್ಳುತ್ತವೆ. ಒಂದೇ ಪೆಟ್ಟಿಗೆಯ ಎರಡು ವಿಎಂಗಳ ನಡುವಿನ ಮಾತಿಗೆ ವರ್ಟ್‌ಐಒ ಎಷ್ಟೋ ಸಲ ವಿಎಫ್‌ಗಿಂತ ವೇಗ. ಯಾಕೆಂದರೆ ಅಲ್ಲಿ ಬರೀ ಮೆಮೊರಿಯಿಂದ ಮೆಮೊರಿಗೆ ನಕಲು. ವಿಎಫ್ ಆದರೆ ಡೇಟಾ ಪಿಸಿಐ ದಾರಿಯಲ್ಲಿ ಕಾರ್ಡಿಗೆ ಹೋಗಿ ಮತ್ತೆ ಅದೇ ದಾರಿಯಲ್ಲಿ ವಾಪಸ್ ಬರಬೇಕು.

ಮೆಮೊರಿಯ ವಿಷಯವೂ ಇದೆ. ವಿಎಫ್ ಇರುವ ವಿಎಂನ ಪೂರ್ತಿ ರ‍್ಯಾಮ್ ಶುರುವಿನಲ್ಲೇ ಬೀಗ ಬಿದ್ದು ಕೂತುಬಿಡುತ್ತದೆ. ಕಾರ್ಡ್ ಯಾವ ಕ್ಷಣದಲ್ಲಾದರೂ ಅಲ್ಲಿ ಬರೆಯಬಹುದಲ್ವಾ, ಅದಕ್ಕೆ. 16 ಜಿಬಿ ಕೊಟ್ಟಿದ್ದರೆ 16 ಜಿಬಿಯೂ ಹೋಯಿತು. ಇರುವುದಕ್ಕಿಂತ ಜಾಸ್ತಿ ರ‍್ಯಾಮ್ ಹಂಚಿ ಬಲೂನಿಂಗ್‌ನಿಂದ (ವಿಎಂ ಬಳಸದ ರ‍್ಯಾಮ್ ವಾಪಸ್ ಪಡೆಯುವುದು) ನಿಭಾಯಿಸುವವರು ಮೊದಲು ಈ ಲೆಕ್ಕ ಮಾಡಿಕೊಳ್ಳಿ.

ಎಸ್‌ಆರ್-ಐಒವಿಗೆ ಕೈ ಹಾಕುವ ಮೊದಲು ವರ್ಟ್‌ಐಒದಲ್ಲೇ ಕ್ಯೂಗಳ ಸಂಖ್ಯೆ ಹೆಚ್ಚಿಸಿ ನೋಡಿ. ವಿಎಂಗಳನ್ನು ನಿರ್ವಹಿಸುವ ಲಿಬ್‌ವರ್ಟ್‌ನಲ್ಲಿ ಆ ವಿಎಂನ ಇಂಟರ್‌ಫೇಸ್ ಒಳಗಿನ ಡ್ರೈವರ್ ಸಾಲಿಗೆ ಹೆಸರು ವಿಹೋಸ್ಟ್, ಕ್ಯೂಸ್ 4 ಅಂತ ಸೇರಿಸಿದರೆ ಒಂದು ಥ್ರೆಡ್‌ನ ಹೊರೆ ನಾಲ್ಕಕ್ಕೆ ಹಂಚಿಹೋಗುತ್ತದೆ. ತುಂಬಾ ಕಡೆ ಇಷ್ಟರಲ್ಲೇ ದೂರು ನಿಲ್ಲುತ್ತದೆ. ನಮ್ಮಲ್ಲಿ ಸ್ವಲ್ಪ ಕಡಿಮೆಯಾಯಿತು, ನಿಲ್ಲಲಿಲ್ಲ.

ಕಾರ್ಡ್ ಕೊಳ್ಳುವಾಗ

ಗ್ರ್ಯಾಂಟ್ ರೋಡ್ ಸ್ಟೇಷನ್‌ನಲ್ಲಿ ಇಳಿದು ನಡೆದರೆ ಸಿಗುವ ಲ್ಯಾಮಿಂಗ್ಟನ್ ರೋಡಿನಲ್ಲಿ ಸರ್ವರ್‌ನಿಂದ ತೆಗೆದ ಹಳೆಯ ಕಾರ್ಡ್‌ಗಳು ಸಿಗುತ್ತವೆ. ನಾನು ತಂದದ್ದು ಇಂಟೆಲ್ ಎಕ್ಸ್520, ಎರಡು ಪೋರ್ಟಿನದು. ಅದರ ಮೇಲಿನ ಚಿಪ್ 82599. ಈ ಚಿಪ್‌ನಲ್ಲಿ ಲಿನಕ್ಸ್ ಪ್ರತಿ ಪೋರ್ಟಿಗೆ 63 ವಿಎಫ್ ತನಕ ಕೊಡುತ್ತದೆ. ಒಂದು ಗಿಗಾಬಿಟ್‌ನ ಐ350 ಕಾರ್ಡಿನಲ್ಲಿ ಪೋರ್ಟಿಗೆ 7. ಎಕ್ಸ್710ರಲ್ಲಿ ಇಡೀ ಕಾರ್ಡಿಗೆ 128, ಅದು ಪೋರ್ಟ್‌ಗಳ ನಡುವೆ ಹಂಚಿಹೋಗುತ್ತದೆ. ಸಣ್ಣ ಆಫೀಸಿಗೆ ನಾಲ್ಕೋ ಎಂಟೋ ಸಾಕು. ಹಾಗಾಗಿ ಈ ಸಂಖ್ಯೆಗೆ ಮರುಳಾಗಬೇಡಿ.

ಅಂಗಡಿಯಲ್ಲಿ ನೋಡಬೇಕಾದದ್ದು ಬೇರೆ. ಈ ಕಾರ್ಡ್‌ಗಳಿಗೆ ಸ್ವಂತ ಫ್ಯಾನ್ ಇರುವುದಿಲ್ಲ, ಮೇಲೆ ಒಂದು ಹೀಟ್‌ಸಿಂಕ್ ಅಷ್ಟೇ. ಸರ್ವರ್ ಕ್ಯಾಬಿನೆಟ್‌ನ ಗಾಳಿಯನ್ನು ನಂಬಿ ಮಾಡಿದ್ದು. ಸಾಮಾನ್ಯ ಟವರ್ ಪಿಸಿಗೆ ಹಾಕುವುದಾದರೆ ಕಾರ್ಡಿನ ಎದುರಿಗೆ ಒಂದು ಫ್ಯಾನ್ ಇಡಿ. ಮೇ ತಿಂಗಳ ಮುಂಬಯಿ ಸೆಕೆಯಲ್ಲಿ ಇದನ್ನು ನಿರ್ಲಕ್ಷಿಸಬೇಡಿ. ಸ್ಲಾಟ್ ಕೂಡ ಉದ್ದ ನೋಡಿ ಮೋಸ ಹೋಗುವ ಜಾಗ. ಹದಿನಾರರ ಉದ್ದವಿರುವ ಸ್ಲಾಟ್‌ನಲ್ಲಿ ಒಳಗೆ ನಾಲ್ಕೇ ಲೇನ್ ಇರಬಹುದು. ಎಲ್‌ಎಸ್‌ಪಿಸಿಐ ಮೈನಸ್ ವಿವಿ ಹಾಕಿ, ಲಿಂಕ್ ಸ್ಟೇಟಸ್ ಸಾಲಿನಲ್ಲಿ ವಿಡ್ತ್ ಎಕ್ಸ್8 ಅಂತ ಬಂದಿದೆಯಾ ನೋಡಿ. ಈ ಕಾರ್ಡಿಗೆ ಎಂಟು ಬೇಕು.

ಫೈಬರ್ ಮಾಡ್ಯೂಲ್ ಬಗ್ಗೆಯೂ ಹುಷಾರು. ಎಕ್ಸ್520 ಗುರುತಿಲ್ಲದ ಮಾಡ್ಯೂಲನ್ನು ಒಪ್ಪುವುದಿಲ್ಲ, ಅನ್‌ಸಪೋರ್ಟೆಡ್ ಅಂತ ಹೇಳಿ ಸುಮ್ಮನಾಗುತ್ತದೆ. ಸ್ವಿಚ್ ಅದೇ ಕ್ಯಾಬಿನೆಟ್‌ನಲ್ಲಿದ್ದರೆ ಎರಡೂ ತುದಿ ಜೋಡಿಸಿಯೇ ಬರುವ ತಾಮ್ರದ ಡಿಎಸಿ ಕೇಬಲ್ ತೆಗೆದುಕೊಳ್ಳಿ. ಅಗ್ಗ, ಈ ತಕರಾರೂ ಇಲ್ಲ.

ಬಯಾಸ್ ಮತ್ತು ಐಒಎಂಎಂಯು

ಕಾರ್ಡ್ ನೇರ ಮೆಮೊರಿಗೆ ಬರೆಯುತ್ತದೆ ಅಂದೆ. ಹಾಗಾದರೆ ಒಂದು ವಿಎಂ ತನ್ನ ವಿಎಫ್ ಮೂಲಕ ಪಕ್ಕದ ವಿಎಂನ ಮೆಮೊರಿಗೆ ಬರೆದುಬಿಟ್ಟರೆ? ಅದನ್ನು ತಡೆಯುವುದೇ ಐಒಎಂಎಂಯು. ಯಾವ ಸಾಧನ ಯಾವ ಮೆಮೊರಿ ಮುಟ್ಟಬಹುದು ಅನ್ನುವ ಪಟ್ಟಿ ಅದರ ಹತ್ತಿರ ಇರುತ್ತದೆ. ಲಿಫ್ಟ್ ನೇರ ಬರುತ್ತದೆ ನಿಜ, ಆದರೆ ನಿಮ್ಮ ಕೀ ನಿಮ್ಮ ಮಹಡಿಗೆ ಮಾತ್ರ. ಇಂಟೆಲ್‌ನವರು ಇದನ್ನು ವಿಟಿ-ಡಿ ಅನ್ನುತ್ತಾರೆ, ಎಎಂಡಿಯವರು ಎಎಂಡಿ-ವಿಐ ಅನ್ನುತ್ತಾರೆ.

ಬಯಾಸ್‌ಗೆ ಹೋಗಿ ಮೂರು ಕಡೆ ನೋಡಿ. ವಿಟಿ-ಡಿ ಅಥವಾ ಐಒಎಂಎಂಯು ಆನ್ ಮಾಡಿ. ಎಸ್‌ಆರ್-ಐಒವಿ ಅನ್ನುವ ಆಯ್ಕೆ ಬೇರೆ ಇದ್ದರೆ ಅದನ್ನೂ ಆನ್ ಮಾಡಿ. ಅಬವ್ 4ಜಿ ಡಿಕೋಡಿಂಗ್ ಇದ್ದರೆ ಅದನ್ನೂ. ಪ್ರತಿ ವಿಎಫ್‌ಗೂ ಸ್ವಲ್ಪ ವಿಳಾಸ ಜಾಗ ಬೇಕು, ಅದು 4 ಜಿಬಿಯ ಕೆಳಗೆ ಸಾಲದೆ ಹೋಗಬಹುದು. ವಿಟಿ-ಎಕ್ಸ್ ಆನ್ ಇದೆ, ಸಾಕು ಅಂದುಕೊಳ್ಳಬೇಡಿ. ಅದು ಪ್ರೊಸೆಸರ್‌ದು, ಇದು ಸಾಧನಗಳದು. ಎರಡೂ ಬೇರೆ.

ಇಂಟೆಲ್ ಯಂತ್ರವಾದರೆ ಇನ್ನೊಂದು ಕೆಲಸ ಇದೆ. ಇಟಿಸಿ, ಡೀಫಾಲ್ಟ್ ಒಳಗಿನ ಗ್ರಬ್ ಫೈಲ್ ತೆರೆದು, ಕರ್ನಲ್ ಕಮಾಂಡ್ ಲೈನ್ ಸಾಲಿಗೆ ಇಂಟೆಲ್ ಅಂಡರ್‌ಸ್ಕೋರ್ ಐಒಎಂಎಂಯು ಈಕ್ವಲ್ಸ್ ಆನ್ ಅಂತ ಸೇರಿಸಿ. ಪಕ್ಕದಲ್ಲೇ ಐಒಎಂಎಂಯು ಈಕ್ವಲ್ಸ್ ಪಿಟಿ ಅಂತಲೂ ಹಾಕಿ. ಎರಡನೆಯದು ಹೋಸ್ಟ್‌ನ ಸ್ವಂತ ಸಾಧನಗಳಿಗೆ ಮೆಮೊರಿ ವಿಳಾಸ ಅನುವಾದದ ಹೊರೆ ಬೀಳದ ಹಾಗೆ ನೋಡಿಕೊಳ್ಳುತ್ತದೆ. ಎಎಂಡಿಯಲ್ಲಿ ಐಒಎಂಎಂಯು ಬಯಾಸ್‌ನಲ್ಲಿ ಆನ್ ಇದ್ದರೆ ಕರ್ನಲ್ ತಾನೇ ಬಳಸಿಕೊಳ್ಳುತ್ತದೆ. ಅಪ್‌ಡೇಟ್-ಗ್ರಬ್ ಹಾಕಿ ರೀಬೂಟ್ ಮಾಡಿ. ಆಮೇಲೆ ಕರ್ನಲ್‌ನ ಸಂದೇಶ ತೋರಿಸುವ ಡಿಮೆಸೇಜ್‌ನಲ್ಲಿ (ಟೈಪ್ ಮಾಡುವಾಗ ಡಿ, ಎಂ, ಇ, ಎಸ್, ಜಿ) ಇಂಟೆಲ್ ಆದರೆ ಡಿಎಂಎಆರ್, ಎಎಂಡಿ ಆದರೆ ಎಎಂಡಿ-ವಿಐ ಅಂತ ಹುಡುಕಿ. ಇಂಟೆಲ್‌ನಲ್ಲಿ ಐಒಎಂಎಂಯು ಎನೇಬಲ್ಡ್ ಅನ್ನುವ ಸಾಲು, ಎಎಂಡಿಯಲ್ಲಿ ಎಎಂಡಿ-ವಿಐ ಸಾಲುಗಳು ಕಾಣಬೇಕು. ಕಾಣದಿದ್ದರೆ ಮುಂದೆ ಹೋಗಬೇಡಿ, ಬಯಾಸ್‌ಗೆ ವಾಪಸ್ ಹೋಗಿ.

ವಿಎಫ್ ಹುಟ್ಟಿಸುವುದು

ನಮ್ಮ ಪೋರ್ಟಿನ ಹೆಸರು ಇಎನ್‌ಪಿ3ಎಸ್0ಎಫ್0. ನಿಮ್ಮದು ಬೇರೆ ಇರುತ್ತದೆ, ಐಪಿ ಲಿಂಕ್ ಹಾಕಿದರೆ ಗೊತ್ತಾಗುತ್ತದೆ. ಸಿಸ್, ಕ್ಲಾಸ್, ನೆಟ್, ಆ ಹೆಸರು, ಡಿವೈಸ್ ಹೀಗೆ ಒಂದರೊಳಗೊಂದು ಫೋಲ್ಡರ್‌ಗೆ ಇಳಿಯಿರಿ. ಅಲ್ಲಿ ಎಸ್‌ಆರ್‌ಐಒವಿ ಅಂಡರ್‌ಸ್ಕೋರ್ ಟೋಟಲ್‌ವಿಎಫ್‌ಎಸ್ ಅನ್ನುವ ಫೈಲ್ ಇದೆ. ಅದನ್ನು ಕ್ಯಾಟ್ ಮಾಡಿದರೆ ಎಷ್ಟು ವಿಎಫ್ ಸಾಧ್ಯ ಅಂತ ಹೇಳುತ್ತದೆ. ಪಕ್ಕದಲ್ಲೇ ಎಸ್‌ಆರ್‌ಐಒವಿ ಅಂಡರ್‌ಸ್ಕೋರ್ ನಮ್‌ವಿಎಫ್‌ಎಸ್. ಅದಕ್ಕೆ ಎಕೋ ಮಾಡಿ 4 ಅಂತ ಬರೆಯಿರಿ. ಆಯಿತು, ನಾಲ್ಕು ಕಾರ್ಡ್ ಹುಟ್ಟಿದವು. ಲಿನಕ್ಸ್‌ನಲ್ಲಿ ಈ ಸುಲಭ ದಾರಿ 3.8ನೇ ಕರ್ನಲ್‌ನಿಂದ ಇದೆ.

ಈಗ ಎಲ್‌ಎಸ್‌ಪಿಸಿಐ ಹಾಕಿ ನೋಡಿ. ಪಿಎಫ್ 03:00.0 ವಿಳಾಸದಲ್ಲಿದ್ದರೆ, ಅದರ ವಿಎಫ್‌ಗಳು 03:10.0, 03:10.2, 03:10.4, 03:10.6 ಹೀಗೆ ಸಾಲಾಗಿ ನಿಂತಿರುತ್ತವೆ. ನಡುವಿನ ಬೆಸ ಸಂಖ್ಯೆಗಳು ಎಲ್ಲಿ ಹೋದವು ಅಂತ ನನಗೂ ಮೊದಲು ಅನಿಸಿತ್ತು. ಅವು ಎರಡನೇ ಪೋರ್ಟಿನ ವಿಎಫ್‌ಗಳಿಗೆ. 82599ರಲ್ಲಿ ಎರಡು ಪೋರ್ಟ್‌ಗಳು ಸರಿ–ಬೆಸ ಅಂತ ಹಂಚಿಕೊಂಡಿವೆ. ಯಾವ ವಿಎಫ್ ಯಾವ ಪೋರ್ಟಿನದು ಅಂತ ವಿಳಾಸ ನೋಡಿಯೇ ಹೇಳಬಹುದು.

ಸಂಖ್ಯೆ ಬದಲಾಯಿಸಬೇಕಾದರೆ ನೇರ 4ರಿಂದ 8ಕ್ಕೆ ಹೋಗಲು ಬಿಡುವುದಿಲ್ಲ, ಬಿಜಿ ಅನ್ನುತ್ತದೆ. ಮೊದಲು 0 ಬರೆದು ಆಮೇಲೆ 8 ಬರೆಯಬೇಕು. 0 ಬರೆದರೆ ಎಲ್ಲ ವಿಎಫ್‌ಗಳೂ ಹೋಗುತ್ತವೆ, ಬಳಸುತ್ತಿರುವ ವಿಎಂಗಳನ್ನು ಮೊದಲೇ ಶಟ್‌ಡೌನ್ ಮಾಡಿರಬೇಕು. ಹಾಗಾಗಿ ಶುರುವಿನಲ್ಲೇ ಒಂದೆರಡು ಜಾಸ್ತಿ ಹುಟ್ಟಿಸಿಟ್ಟುಕೊಳ್ಳುವುದು ಒಳ್ಳೆಯದು.

ಬರೆದಾಗ ನಾಟ್ ಎನಫ್ ಎಂಎಂಐಒ ರಿಸೋರ್ಸಸ್ ಅಂತ ಡಿಮೆಸೇಜ್‌ನಲ್ಲಿ ಬಂದರೆ ಅದೇ ಅಬವ್ 4ಜಿ ಕಥೆ. ಆ ಆಯ್ಕೆ ಬಯಾಸ್‌ನಲ್ಲಿ ಇಲ್ಲದಿದ್ದರೆ ಕರ್ನಲ್ ಸಾಲಿಗೆ ಪಿಸಿಐ ಈಕ್ವಲ್ಸ್ ರೀಅಲಾಕ್ ಸೇರಿಸಿ ನೋಡಿ.

ಮೆಲನಾಕ್ಸ್ ಕನೆಕ್ಟ್‌ಎಕ್ಸ್ ಕಾರ್ಡ್ ಇರುವವರಿಗೆ ಒಂದು ಹೆಜ್ಜೆ ಜಾಸ್ತಿ. ಎಂಎಲ್‌ಎಕ್ಸ್‌ಕಾನ್ಫಿಗ್ ಅನ್ನುವ ಉಪಕರಣದಿಂದ ಕಾರ್ಡಿನ ಫರ್ಮ್‌ವೇರ್‌ನಲ್ಲೇ ಎಸ್‌ಆರ್-ಐಒವಿ ಆನ್ ಮಾಡಿ, ಎಷ್ಟು ವಿಎಫ್ ಅಂತ ಹೇಳಿ, ರೀಬೂಟ್ ಮಾಡಬೇಕು. ಆಮೇಲೆ ಉಳಿದದ್ದೆಲ್ಲ ಹೀಗೇ.

ಇನ್ನೊಂದು ಕಿರಿಕಿರಿ: ಹುಟ್ಟಿದ ಕೂಡಲೇ ಹೋಸ್ಟ್ ಆ ವಿಎಫ್‌ಗಳನ್ನು ತನ್ನದೇ ಕಾರ್ಡ್ ಅಂದುಕೊಂಡು ಐಎಕ್ಸ್‌ಜಿಬಿಇವಿಎಫ್ ಡ್ರೈವರ್ ಹಾಕಿಕೊಳ್ಳುತ್ತದೆ. ಕೆಲವು ಕಡೆ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿಯನ್ನು ಕೇಳಿ ಐಪಿಯನ್ನೂ ತೆಗೆದುಕೊಂಡುಬಿಡುತ್ತದೆ. ಹೋಸ್ಟ್‌ನಲ್ಲಿ ಆ ಡ್ರೈವರನ್ನು ಬ್ಲ್ಯಾಕ್‌ಲಿಸ್ಟ್ ಮಾಡಿದರೆ ನೆಮ್ಮದಿ. ವಿಎಂ ಒಳಗೆ ಮಾತ್ರ ಅದು ಬೇಕೇ ಬೇಕು.

ಮ್ಯಾಕ್, ವಿಲ್ಯಾನ್, ನಂಬಿಕೆ

ವಾಚ್‌ಮನ್‌ನ ರಿಜಿಸ್ಟರ್ ಈಗ ಕಾರ್ಡಿನೊಳಗೆ ಹೋಗಬೇಕು. ಮೊದಲು ಮ್ಯಾಕ್ ವಿಳಾಸ, ಅಂದರೆ ಪ್ರತಿ ಕಾರ್ಡಿನ ಗುರುತಿನ ಸಂಖ್ಯೆ. ನೀವು ಕೊಡದಿದ್ದರೆ ವಿಎಂ ಪ್ರತಿ ಸಲ ಬೂಟ್ ಆದಾಗ ಹೊಸದೊಂದು ಮ್ಯಾಕ್ ಹುಟ್ಟಿಸಿಕೊಳ್ಳಬಹುದು. ಆಗ ಡಿಎಚ್‌ಸಿಪಿಯಲ್ಲಿ ಕಾಯ್ದಿರಿಸಿದ ಐಪಿ ಸಿಗುವುದಿಲ್ಲ, ಒಳಗಿನ ಇಂಟರ್‌ಫೇಸ್ ಸೆಟ್ಟಿಂಗ್ ಹೊಂದುವುದಿಲ್ಲ. ಐಪಿ ಲಿಂಕ್ ಸೆಟ್, ಪೋರ್ಟಿನ ಹೆಸರು, ವಿಎಫ್ 0, ಮ್ಯಾಕ್, ಆಮೇಲೆ ವಿಳಾಸ, ಇಷ್ಟು ಬರೆದರೆ ಅದು ಗಟ್ಟಿಯಾಯಿತು. ಆಮೇಲೆ ವಿಎಂ ಒಳಗಿಂದ ಅದನ್ನು ಬದಲಾಯಿಸಲೂ ಆಗುವುದಿಲ್ಲ.

ಅದೇ ಕಮಾಂಡ್‌ನಲ್ಲಿ ಮ್ಯಾಕ್ ಜಾಗದಲ್ಲಿ ವಿಲ್ಯಾನ್ 20 ಅಂತ ಬರೆದರೆ ಆ ವಿಎಫ್ 20ನೇ ವಿಲ್ಯಾನ್‌ನಲ್ಲಿ (ಒಂದೇ ಕೇಬಲ್ ಮೇಲೆ ಬೇರೆ ಮಾಡಿದ ಜಾಲ) ಮಾತ್ರ ಇರುತ್ತದೆ. ಟ್ಯಾಗ್ ಹಾಕುವುದೂ ತೆಗೆಯುವುದೂ ಕಾರ್ಡೇ. ವಿಎಂ ಒಳಗೆ ಯಾರೋ ರೂಟ್ ಆಗಿ ಕೂತರೂ ಇನ್ನೊಂದು ವಿಲ್ಯಾನ್‌ಗೆ ಹಾರಲು ಆಗುವುದಿಲ್ಲ. ಸಿಸಿಟಿವಿಯ ವಿಎಂಗೆ ನಾನು ಇದನ್ನು ಮೊದಲ ದಿನವೇ ಮಾಡಿದೆ. ಮ್ಯಾಕ್ಸ್ ಅಂಡರ್‌ಸ್ಕೋರ್ ಟಿಎಕ್ಸ್ ಅಂಡರ್‌ಸ್ಕೋರ್ ರೇಟ್ 1000 ಅಂತ ಕೊಟ್ಟರೆ ಆ ವಿಎಫ್ ಹೊರಗೆ ಕಳಿಸುವುದು ಸೆಕೆಂಡಿಗೆ 1000 ಮೆಗಾಬಿಟ್‌ಗೆ ನಿಲ್ಲುತ್ತದೆ. ಒಳಬರುವುದಕ್ಕೆ ಈ ಮಿತಿ ಇಲ್ಲ.

ಸ್ಪೂಫ್‌ಚೆಕ್ (ಟೈಪ್ ಮಾಡುವಾಗ ಚೆಕ್ ಅನ್ನುವುದು ಸಿ, ಎಚ್, ಕೆ ಅಷ್ಟೇ) ಮತ್ತು ಟ್ರಸ್ಟ್ ಎರಡೂ ಜೋಡಿ. ಸ್ಪೂಫ್‌ಚೆಕ್ ಆನ್ ಇದ್ದರೆ ತನ್ನದಲ್ಲದ ಮ್ಯಾಕ್‌ನಿಂದ ವಿಎಂ ಕಳಿಸಿದ ಪ್ಯಾಕೆಟ್ಟನ್ನು ಕಾರ್ಡ್ ಅಲ್ಲೇ ಬಿಸಾಡುತ್ತದೆ. ಒಳ್ಳೆಯ ಕಾವಲು, ಆನ್ ಇರಲಿ. ಆದರೆ ವಿಎಂ ಒಳಗೆ ಮತ್ತೊಂದು ಬ್ರಿಡ್ಜ್ ಇದ್ದರೆ, ಅಥವಾ ಎರಡು ರೂಟರ್‌ಗಳು ಒಂದು ವರ್ಚುವಲ್ ಮ್ಯಾಕ್ ಹಂಚಿಕೊಂಡರೆ, ಇದೇ ಕಾವಲು ಅವನ್ನೂ ತಡೆಯುತ್ತದೆ. ಡಿಮೆಸೇಜ್‌ನಲ್ಲಿ ಸ್ಪೂಫ್ಡ್ ಪ್ಯಾಕೆಟ್ಸ್ ಡಿಟೆಕ್ಟೆಡ್ ಅಂತ ಬರುತ್ತಿದ್ದರೆ ಕಾರಣ ಇದು. ಅಂಥ ವಿಎಂ ಪೂರ್ತಿ ನಿಮ್ಮ ಹಿಡಿತದಲ್ಲಿದ್ದರೆ ಮಾತ್ರ, ಅದೊಂದೇ ವಿಎಫ್‌ಗೆ, ಸ್ಪೂಫ್‌ಚೆಕ್ ಆಫ್ ಮಾಡಿ ಟ್ರಸ್ಟ್ ಆನ್ ಮಾಡಿ. ಎಲ್ಲದಕ್ಕೂ ಮಾಡಬೇಡಿ, ದಯವಿಟ್ಟು.

ವಿಎಂಗೆ ಜೋಡಿಸುವುದು

ಲಿಬ್‌ವರ್ಟ್‌ನಲ್ಲಿ ಎರಡು ದಾರಿ ಇದೆ. ಪಿಸಿಐ ಸಾಧನ ಅಂತಲೇ ನೇರ ಹೋಸ್ಟ್‌ಡೆವ್ ಆಗಿ ಕೊಡಬಹುದು. ಇನ್ನೊಂದು, ಇಂಟರ್‌ಫೇಸ್ ಟೈಪ್ ಹೋಸ್ಟ್‌ಡೆವ್, ಮ್ಯಾನೇಜ್ಡ್ ಯೆಸ್. ಎರಡನೆಯದನ್ನೇ ಹಿಡಿಯಿರಿ. ಅದರೊಳಗೆ ಮ್ಯಾಕ್ ಮತ್ತು ವಿಲ್ಯಾನ್ ಬರೆದಿಟ್ಟರೆ ವಿಎಂ ಶುರುವಾಗುವ ಮೊದಲು ಲಿಬ್‌ವರ್ಟ್ ತಾನೇ ಪಿಎಫ್ ಮೂಲಕ ಅವನ್ನು ಹಾಕುತ್ತದೆ. ಹಳೆಯ ಡ್ರೈವರ್ ಬಿಡಿಸಿ, ಸಾಧನವನ್ನು ವಿಎಂಗೆ ಕೊಡುವ ವಿಎಫ್‌ಐಒ-ಪಿಸಿಐ ಡ್ರೈವರ್‌ಗೆ ಕಟ್ಟುವುದೂ ಅದರದೇ ಕೆಲಸ. ವಿಎಂಗಳು ಜಾಸ್ತಿ ಇದ್ದರೆ ಒಂದು ನೆಟ್‌ವರ್ಕ್ ಮಾಡಿ, ಫಾರ್ವರ್ಡ್ ಮೋಡ್ ಹೋಸ್ಟ್‌ಡೆವ್ ಅಂತ ಕೊಟ್ಟು, ಪಿಎಫ್‌ನ ಹೆಸರು ಹೇಳಿ. ಯಾವ ವಿಎಂಗೆ ಯಾವ ವಿಎಫ್ ಅಂತ ನೀವು ನೆನಪಿಟ್ಟುಕೊಳ್ಳುವುದೇ ಬೇಡ, ಖಾಲಿ ಇರುವುದನ್ನು ಅದೇ ಹುಡುಕಿ ಕೊಡುತ್ತದೆ.

ವಿಎಂ ಶುರುವಾಗದೆ ಐಒಎಂಎಂಯು ಗ್ರೂಪ್ ಬಗ್ಗೆ ತಕರಾರು ಬಂದರೆ, ಆ ವಿಎಫ್ ಇರುವ ಗುಂಪಿನಲ್ಲೇ ಬೇರೆ ಸಾಧನವೂ ಇದೆ ಅಂತ ಅರ್ಥ. ಒಂದು ಗುಂಪಿನವರನ್ನು ಬೇರೆ ಬೇರೆ ಕಡೆ ಕೊಡಲು ಆಗುವುದಿಲ್ಲ. ಡೆಸ್ಕ್‌ಟಾಪ್ ಬೋರ್ಡ್‌ಗಳಲ್ಲಿ ಇದು ಸಾಮಾನ್ಯ. ಕಾರ್ಡನ್ನು ಪ್ರೊಸೆಸರ್‌ಗೆ ನೇರ ಜೋಡಿಸಿರುವ ಸ್ಲಾಟಿಗೆ ಬದಲಾಯಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ.

ವಿಎಂ ಒಳಗೆ ಹೋಗಿ ಈಥ್‌ಟೂಲ್ ಮೈನಸ್ ಐ ಹಾಕಿ. ಡ್ರೈವರ್ ಐಎಕ್ಸ್‌ಜಿಬಿಇವಿಎಫ್ ಅಂತ ಬಂದರೆ ಪಾಲು ಸಿಕ್ಕಿದೆ. ಐ350 ಆದರೆ ಐಜಿಬಿವಿಎಫ್, ಎಕ್ಸ್710 ಆದರೆ ಐಎವಿಎಫ್. ವಿಂಡೋಸ್ ವಿಎಂಗೆ ಇಂಟೆಲ್‌ನ ವಿಎಫ್ ಡ್ರೈವರ್ ಹಾಕಬೇಕಾಗಬಹುದು.

ಪಿಂಗ್ ಹೋಗದ ವಿಎಂ

ಇಲ್ಲಿ ಎರಡು ಕಡೆ ನಾನು ಸಿಕ್ಕಿಕೊಂಡೆ. ಎರಡನ್ನೂ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇವು ಯಾರನ್ನೂ ಬಿಡುವುದಿಲ್ಲ.

ಮೊದಲನೆಯದು. ರೂಟರ್‌ಗೆ ವಿಎಫ್ ಕೊಟ್ಟೆ. ಹೊರಗಿನ ಕಂಪ್ಯೂಟರ್‌ಗಳಿಗೆಲ್ಲ ಪಿಂಗ್ ಹೋಗುತ್ತಿದೆ. ಅದೇ ಪೆಟ್ಟಿಗೆಯಲ್ಲಿರುವ ಲೆಕ್ಕಪತ್ರದ ವಿಎಂಗೆ ಮಾತ್ರ ಇಲ್ಲ. ರೂಟರ್‌ನ ಎಆರ್‌ಪಿ ಪಟ್ಟಿ (ಯಾವ ಐಪಿಗೆ ಯಾವ ಮ್ಯಾಕ್) ನೋಡಿದರೆ ಆ ವಿಎಂನ ಮ್ಯಾಕ್ ಸರಿಯಾಗಿಯೇ ಬಂದು ಕೂತಿದೆ. ವಿಳಾಸ ಗೊತ್ತು, ಕಾಗದ ಮಾತ್ರ ತಲುಪುತ್ತಿಲ್ಲ.

ಕಾರಣ ಹೀಗೆ. ಕಾರ್ಡಿನೊಳಗೆ ಒಂದು ಪುಟ್ಟ ಸ್ವಿಚ್ ಇದೆ. ಅದಕ್ಕೆ ಪಿಎಫ್ ಮತ್ತು ವಿಎಫ್‌ಗಳ ಮ್ಯಾಕ್ ಗೊತ್ತು. ಲೆಕ್ಕಪತ್ರದ ವಿಎಂ ಇರುವುದು ಪಿಎಫ್‌ನ ಮೇಲೆ ಕಟ್ಟಿದ ಬ್ರಿಡ್ಜ್‌ನ ಹಿಂದೆ. ಅದರ ಮ್ಯಾಕ್ ಕಾರ್ಡಿಗೆ ಗೊತ್ತಿಲ್ಲ. ಎಆರ್‌ಪಿ ಪ್ರಶ್ನೆ ಎಲ್ಲರಿಗೂ ಹೋಗುವ ಬ್ರಾಡ್‌ಕಾಸ್ಟ್, ಹಾಗಾಗಿ ತಲುಪಿತು, ಉತ್ತರವೂ ಬಂತು. ಆದರೆ ನೇರ ಪ್ಯಾಕೆಟ್ ಕಳಿಸಿದಾಗ ಕಾರ್ಡ್ ಇದು ನನ್ನೊಳಗಿನ ಮ್ಯಾಕ್ ಅಲ್ಲ ಅಂತ ಹೊರಗಿನ ಕೇಬಲ್‌ಗೆ ತಳ್ಳಿತು. ಹೊರಗಿನ ಸ್ವಿಚ್ ಬಂದ ಪೋರ್ಟಿಗೇ ಅದನ್ನು ವಾಪಸ್ ಕಳಿಸುವುದಿಲ್ಲ. ಪ್ಯಾಕೆಟ್ ಅಲ್ಲೇ ಸತ್ತಿತು.

ಪರಿಹಾರ ಎರಡು. ಬ್ರಿಡ್ಜ್ ಎಫ್‌ಡಿಬಿ ಆ್ಯಡ್, ಆ ವಿಎಂನ ಮ್ಯಾಕ್, ಡೆವ್, ಪಿಎಫ್‌ನ ಹೆಸರು ಅಂತ ಹಾಕಿದರೆ ಕಾರ್ಡಿಗೆ ಆ ಮ್ಯಾಕ್ ಹೇಳಿಕೊಟ್ಟ ಹಾಗೆ. ಕೆಲಸ ಆಗುತ್ತದೆ, ಆದರೆ ಬ್ರಿಡ್ಜ್‌ನಲ್ಲಿರುವ ಪ್ರತಿ ವಿಎಂಗೂ ಮಾಡಬೇಕು, ಹೊಸದು ಬಂದಾಗ ಮರೆಯಬಾರದು. ನಾನು ಎರಡನೇ ದಾರಿ ಹಿಡಿದೆ. ಬ್ರಿಡ್ಜನ್ನು ಎರಡನೇ ಪೋರ್ಟಿಗೆ ಸಾಗಿಸಿದೆ. ಮೊದಲ ಪೋರ್ಟ್ ಪೂರ್ತಿ ವಿಎಫ್‌ಗಳಿಗೆ, ಎರಡನೆಯದು ಬ್ರಿಡ್ಜ್‌ಗೆ, ಎರಡರ ಕೇಬಲ್ಲೂ ಸ್ವಿಚ್‌ಗೆ. ಒಂದು ಕೇಬಲ್ ಜಾಸ್ತಿ ಆಯಿತು, ತಲೆನೋವು ಹೋಯಿತು.

ಆದರೆ ಅದೇ ಬದಲಾವಣೆ ಎರಡನೇ ತೊಂದರೆಗೆ ದಾರಿ ಮಾಡಿತು. ಒಂದು ಶನಿವಾರ ರಾತ್ರಿ ಕರೆಂಟ್ ಹೋಗಿ, ಯುಪಿಎಸ್ ಮುಗಿದು, ಸರ್ವರ್ ರೀಬೂಟ್ ಆಯಿತು. ವಿಎಂಗಳೆಲ್ಲ ಎದ್ದವು. ರೂಟರ್ ಮತ್ತು ಸಿಸಿಟಿವಿ ಎರಡರಲ್ಲೂ ನೋ ಕ್ಯಾರಿಯರ್. ಕೇಬಲ್ ಬದಲಾಯಿಸಿದೆ, ಸ್ವಿಚ್‌ನ ಪೋರ್ಟ್ ಬದಲಾಯಿಸಿದೆ. ಹನ್ನೊಂದು ಗಂಟೆಗೆ ಪುಣೆಯ ಹಿಂಜವಡಿಯಲ್ಲಿ ಕೆಲಸ ಮಾಡುವ ಅಕ್ಕನ ಮಗನಿಗೆ ಫೋನ್ ಮಾಡಿದೆ. ಅವನು ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದ: "ಮಾವ, ಪಿಎಫ್ ಅಪ್ ಇದೆಯಾ ನೋಡಿದ್ರಾ?"

ಇರಲಿಲ್ಲ. ಮೊದಲ ಪೋರ್ಟಿಗೆ ಈಗ ಹೋಸ್ಟ್‌ನಲ್ಲಿ ಐಪಿ ಇಲ್ಲ, ಬ್ರಿಡ್ಜ್ ಇಲ್ಲ. ಹಾಗಾಗಿ ಬೂಟ್ ಆದಾಗ ಅದನ್ನು ಎಬ್ಬಿಸುವವರೇ ಇರಲಿಲ್ಲ. ಈ ಕಾರ್ಡಿನಲ್ಲಿ ಪಿಎಫ್ ಡೌನ್ ಇದ್ದರೆ ಅದರ ವಿಎಫ್‌ಗಳಿಗೂ ಲಿಂಕ್ ಇಲ್ಲ. ಐಪಿ ಲಿಂಕ್ ಸೆಟ್, ಪೋರ್ಟಿನ ಹೆಸರು, ಅಪ್. ಇಷ್ಟು ಹೊಡೆದ ಕೂಡಲೇ ಕ್ಯಾಮೆರಾಗಳು ಒಂದೊಂದಾಗಿ ಬಂದವು.

ರೀಬೂಟ್‌ಗೂ ಉಳಿಯುವಂತೆ

ಎಕೋ ಮಾಡಿ ಬರೆದ ಸಂಖ್ಯೆ ರೀಬೂಟ್ ಆದರೆ ಹೋಗುತ್ತದೆ. ನಾನು ಬೂಟ್ ಆದಾಗ ತಾನೇ ಓಡುವ ಒಂದು ಸಣ್ಣ ಸಿಸ್ಟಂಡಿ ಸರ್ವಿಸ್ ಬರೆದಿದ್ದೇನೆ. ಟೈಪ್ ಒನ್‌ಶಾಟ್, ಲಿಬ್‌ವರ್ಟ್ ಶುರುವಾಗುವ ಮೊದಲು ಓಡಬೇಕು. ಅದರಲ್ಲಿ ಮೂರು ಕೆಲಸ, ಇದೇ ಕ್ರಮದಲ್ಲಿ: ವಿಎಫ್‌ಗಳನ್ನು ಹುಟ್ಟಿಸುವುದು, ಪಿಎಫ್ ಅಪ್ ಮಾಡುವುದು, ಲಿಬ್‌ವರ್ಟ್ ನೋಡಿಕೊಳ್ಳದ ಸ್ಪೂಫ್‌ಚೆಕ್, ಟ್ರಸ್ಟ್, ರೇಟ್ ಹಾಕುವುದು. ನೆಟ್‌ವರ್ಕ್‌ಮ್ಯಾನೇಜರ್ ಬಳಸುವವರು ಎನ್‌ಎಂಸಿಎಲ್‌ಐನಲ್ಲಿ ಆ ಕನೆಕ್ಷನ್‌ಗೆ ಎಸ್‌ಆರ್‌ಐಒವಿ ಡಾಟ್ ಟೋಟಲ್-ವಿಎಫ್‌ಎಸ್ ಅನ್ನುವ ಗುಣಕ್ಕೆ ಸಂಖ್ಯೆ ಕೊಟ್ಟರೂ ಆಗುತ್ತದೆ. ಏನೇ ಮಾಡಿದರೂ ಒಮ್ಮೆ ಬೇಕಂತಲೇ ರೀಬೂಟ್ ಮಾಡಿ ನೋಡಿ, ಎಲ್ಲರೂ ಮನೆಗೆ ಹೋದ ಮೇಲೆ.

ಅಳತೆ, ಕಾವಲು, ಸ್ಥಳಾಂತರ

ಫಲ ನೋಡಲು ನೆಟ್‌ವರ್ಕ್ ವೇಗ ಅಳೆಯುವ ಐಪರ್ಫ್3 ಸಾಕು. ಮೈನಸ್ ಕ್ಯಾಪಿಟಲ್ ಪಿ 4 ಕೊಟ್ಟು ನಾಲ್ಕು ಧಾರೆಯಲ್ಲಿ ಓಡಿಸಿ. ಆಮೇಲೆ ಯುಡಿಪಿಯಲ್ಲಿ, 64 ಬೈಟ್‌ನ ಸಣ್ಣ ಪ್ಯಾಕೆಟ್‌ಗಳಿಂದ ಓಡಿಸಿ. ನಿಜವಾದ ವ್ಯತ್ಯಾಸ ಎರಡನೆಯದರಲ್ಲಿ ಕಾಣುತ್ತದೆ. ವೇಗದ ಜೊತೆಗೆ ಹೋಸ್ಟ್‌ನಲ್ಲಿ ಟಾಪ್ ಕೂಡ ತೆರೆದಿಟ್ಟುಕೊಳ್ಳಿ. ನಮ್ಮಲ್ಲಿ ರೂಟರ್‌ನ ವಿಹೋಸ್ಟ್ ಸಾಲು ಪಟ್ಟಿಯಿಂದಲೇ ಮಾಯವಾಯಿತು, ಯಾಕೆಂದರೆ ಆ ಥ್ರೆಡ್‌ಗೆ ಕೆಲಸವೇ ಉಳಿದಿಲ್ಲ. ಎರಡು ಪ್ರೊಸೆಸರ್ ಇರುವ ಸರ್ವರ್ ಆದರೆ ಕಾರ್ಡ್ ಯಾವ ಪ್ರೊಸೆಸರ್‌ನ ಕಡೆಗಿದೆ ಅಂತ ಡಿವೈಸ್ ಫೋಲ್ಡರ್‌ನ ನ್ಯೂಮಾ ಅಂಡರ್‌ಸ್ಕೋರ್ ನೋಡ್ ಫೈಲ್ ಹೇಳುತ್ತದೆ. ವಿಎಂನ ಕೋರ್‌ಗಳನ್ನೂ ಅದೇ ಕಡೆಗೆ ಕಟ್ಟಿ.

ಫೈರ್‌ವಾಲ್ ಈಗ ವಿಎಂ ಒಳಗೆ ಬರಬೇಕು. ಹೋಸ್ಟ್‌ನ ಬ್ರಿಡ್ಜ್ ಮೇಲಿನ ನಿಯಮಗಳು ವಿಎಫ್‌ನ ದಾರಿಯಲ್ಲೇ ಇಲ್ಲ. ಸಿಸಿಟಿವಿ ವಿಎಂ ಒಳಗೆ ಎನ್‌ಎಫ್‌ಟೇಬಲ್ಸ್ ಫೈರ್‌ವಾಲ್ ಹಾಕಿದ ಮೇಲೆಯೇ ನಾನು ಅದಕ್ಕೆ ವಿಎಫ್ ಕೊಟ್ಟೆ. ಪ್ಯಾಕೆಟ್ ಹಿಡಿದು ನೋಡಬೇಕಾದರೆ ವಿಎಂ ಒಳಗೆ ಟಿಸಿಪಿಡಂಪ್ ಹಾಕಿ, ಅಥವಾ ಸ್ವಿಚ್‌ನಲ್ಲಿ ಪೋರ್ಟ್ ಮಿರರ್ ಮಾಡಿ.

ಓಡುತ್ತಿರುವ ವಿಎಂ ಅನ್ನು ಬೇರೆ ಹೋಸ್ಟ್‌ಗೆ ಸಾಗಿಸುವುದು ವಿಎಫ್ ಇದ್ದಾಗ ಸಾಮಾನ್ಯವಾಗಿ ಆಗುವುದಿಲ್ಲ. ಎರಡು ಸರ್ವರ್ ಇರುವವರಿಗೆ ಒಂದು ದಾರಿ ಇದೆ. ಒಂದೇ ಮ್ಯಾಕ್ ಇರುವ ಒಂದು ವರ್ಟ್‌ಐಒ, ಒಂದು ವಿಎಫ್ ಜೋಡಿಯಾಗಿ ಕೊಡುವುದು. ಸಾಗಿಸುವಾಗ ವಿಎಫ್ ಕಳಚುತ್ತದೆ, ವರ್ಟ್‌ಐಒ ಕೈ ಹಿಡಿಯುತ್ತದೆ, ಆ ಕಡೆ ಹೋದ ಮೇಲೆ ಹೊಸ ವಿಎಫ್ ಸೇರುತ್ತದೆ. ಲಿಬ್‌ವರ್ಟ್‌ನಲ್ಲಿ ಇದಕ್ಕೆ ಟೀಮಿಂಗ್ ಅನ್ನುತ್ತಾರೆ. ಲಿಬ್‌ವರ್ಟ್ 6.1, ವಿಎಂ ಓಡಿಸುವ ಕ್ಯೂಇಎಂಯು 4.2, ವಿಎಂ ಒಳಗೆ 4.18 ಅಥವಾ ಅದಕ್ಕಿಂತ ಹೊಸ ಕರ್ನಲ್ ಬೇಕು. ಮೈಕ್ರೋಸಾಫ್ಟ್‌ನ ಹೈಪರ್-ವಿಯಲ್ಲಿ ಇದು ತಾನಾಗಿಯೇ ಆಗುತ್ತದೆ, ಆದರೆ ಅಲ್ಲಿ ವರ್ಚುವಲ್ ಸ್ವಿಚ್ ಮಾಡುವಾಗಲೇ ಎಸ್‌ಆರ್-ಐಒವಿ ಟಿಕ್ ಮಾಡಿರಬೇಕು, ಆಮೇಲೆ ಸೇರಿಸಲು ಬರುವುದಿಲ್ಲ. ವಿಎಂವೇರ್‌ನಲ್ಲಿ ವಿಎಂನ ಪೂರ್ತಿ ಮೆಮೊರಿಯನ್ನು ಮೊದಲೇ ರಿಸರ್ವ್ ಮಾಡಬೇಕು.

ಹಿಂದಕ್ಕೆ ಹೋಗಬೇಕಾದರೆ ಕ್ರಮ ತಪ್ಪಬೇಡಿ. ಮೊದಲು ವಿಎಂ ಶಟ್‌ಡೌನ್. ಆಮೇಲೆ ಅದರ ಇಂಟರ್‌ಫೇಸನ್ನು ಬ್ರಿಡ್ಜ್‌ನ ವರ್ಟ್‌ಐಒಗೆ ಬದಲಾಯಿಸಿ, ಮ್ಯಾಕ್ ಅದೇ ಇಡಿ. ವಿಎಫ್ ಬಳಸುವ ಎಲ್ಲ ವಿಎಂಗಳಿಗೂ ಹೀಗೆ ಆದ ಮೇಲೆ ಎಸ್‌ಆರ್‌ಐಒವಿ ನಮ್‌ವಿಎಫ್‌ಎಸ್‌ಗೆ 0 ಬರೆದು, ಸಿಸ್ಟಂಡಿ ಸರ್ವಿಸ್ ಡಿಸೇಬಲ್ ಮಾಡಿ. ವಿಎಂ ಒಳಗೆ ಇಂಟರ್‌ಫೇಸಿನ ಹೆಸರು ಬದಲಾಗಿರುತ್ತದೆ, ಒಳಗಿನ ಸೆಟ್ಟಿಂಗ್‌ನಲ್ಲಿ ಹಳೆಯ ಹೆಸರು ಇದ್ದರೆ ಐಪಿ ಸಿಗುವುದಿಲ್ಲ. ಕನ್ಸೋಲ್ ತೆರೆದಿಟ್ಟುಕೊಂಡೇ ಇದನ್ನು ಮಾಡಿ.